ನನ್ನ ಏಳು ರಾಕ್-ಮೆಟಲ್ ಆಲ್ಬಮ್‌ಗಳು, ಮತ್ತು ಅಪ್ಪನ ತಮಟೆ



ಒಳಮೀಸಲಾತಿ, ಸ್ಮಶಾನದ ಜಾಗ, ಹಾಸ್ಟೆಲ್ ಅವ್ಯವಸ್ಥೆ ಅಂತ ಓದೋಕೆ ಈ ಗೋಡೆಗೆ ಬರೋ ನಿಮಗೆ ಇವತ್ತು ಬೇರೆ ವಿಷಯ. ಉದ್ದ ಇದೆ. ಟೀ ಹಿಡ್ಕೊಂಡು ಕೂತ್ಕೊಳ್ಳಿ.

2025ರ ಜುಲೈ 22ಕ್ಕೆ ಓಜಿ ಆಸ್ಬರ್ನ್ ತೀರಿಕೊಂಡ್ರು. ನಾನು ವಾಟ್ಸಾಪ್ ಸ್ಟೇಟಸ್‌ಗೆ ಅವರ ಫೋಟೋ ಹಾಕಿ "ಹೋಗಿ ಬನ್ನಿ ಗುರುಗಳೇ" ಅಂತ ಬರೆದೆ. ಅರ್ಧ ಗಂಟೆಯೊಳಗೆ ನಮ್ಮ ಸಂಘಟನೆಯ ಹಿರಿಯ ಅಣ್ಣನ ಫೋನು. "ಏನಪ್ಪಾ, ಯಾರದು ಕಣ್ಣಿಗೆ ಕಾಡಿಗೆ ಹಚ್ಕೊಂಡಿರೋ ಮುದುಕ? ಅದೆಲ್ಲ ಕಾನ್ವೆಂಟ್ ಹುಡುಗರ ಸಂಗೀತ ಕಣಪ್ಪ. ನಮ್ದು ತಮಟೆ. ನೀನ್ಯಾವಾಗ ಆ ಕಡೆ ಹೋದೆ?"

ಅಣ್ಣ ಪ್ರೀತಿಯಿಂದಲೇ ಕೇಳಿದ್ದು. ನಾನೂ ನಕ್ಕು ಫೋನಿಟ್ಟೆ. ಆದ್ರೆ ಆ ಮಾತು ಬಿಡಲಿಲ್ಲ. ಯಾಕಂದ್ರೆ ಅದರಲ್ಲಿ ಎರಡು ಪ್ರಶ್ನೆ ಇದೆ. ಒಂದು, ಒಬ್ಬ ದಲಿತ ಏನನ್ನ ಇಷ್ಟಪಡಬೇಕು ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ? ಎರಡು, "ನಮ್ದು ತಮಟೆ" ಅಂತೀವಲ್ಲ, ನಮ್ಮಲ್ಲಿ ಎಷ್ಟು ಜನಕ್ಕೆ ತಮಟೆ ಬಾರಿಸೋಕೆ ಬರುತ್ತೆ? ನನಗಂತೂ ಬರಲ್ಲ. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಈ ಹುಚ್ಚು ಹಿಡಿದಿದ್ದು ಹೇಗೆ ಅಂತ. 1998. ಕೋಲಾರದಲ್ಲಿ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್, ಬಿಎ, ಎಚ್‌ಇಪಿ. ರೂಮಿನ ಸೀನಿಯರ್ ಒಬ್ಬ ಕೆಜಿಎಫ್‌ನವನು. ಅವನ ಅಪ್ಪ ಚಿನ್ನದ ಗಣಿಯಲ್ಲಿ ಕೆಲಸ. ಅಲ್ಲಿಯ ಕಾಲನಿಗಳಲ್ಲಿ ತಮಿಳು ಹಾಡಿನ ಜೊತೆಗೇ ಇಂಗ್ಲಿಷ್ ಹಾಡೂ ಓಡ್ತಿತ್ತಂತೆ. ಅವನು ತಂದ ಒಂದು ಕ್ಯಾಸೆಟ್‌ನಲ್ಲಿ ಎರಡೂ ಕಡೆ ಬರೀ ಮೆಟಲ್. ಮೊದಲ ಸಲ ಹಾಕಿದಾಗ ವಾರ್ಡನ್ "ಯಾವನೋ ಅದು, ಮಿಕ್ಸಿ ಕೆಟ್ಟೋಗಿರೋದು" ಅಂತ ಕೂಗಿದ್ರು. ನನಗೆ ಒಂದಕ್ಷರ ಅರ್ಥ ಆಗಲಿಲ್ಲ. ಆದ್ರೆ ಆ ಸದ್ದು ಹೊಸದು ಅನ್ನಿಸಲಿಲ್ಲ. ಎಲ್ಲೋ ಕೇಳಿದೀನಿ ಅನ್ನಿಸ್ತು.

ಆಮೇಲೆ ಕ್ಯಾಸೆಟ್ ಕವರ್ ಒಳಗಿನ ಸಣ್ಣಕ್ಷರದ ಸಾಹಿತ್ಯವನ್ನ ಡಿಕ್ಷನರಿ ಇಟ್ಕೊಂಡು ಓದೋಕೆ ಶುರು ಮಾಡಿದೆ. ನಾನು ಕನ್ನಡ ಮೀಡಿಯಂ ಹುಡುಗ. ಇವತ್ತು ಕಚೇರಿಯಲ್ಲಿ ಇಂಗ್ಲಿಷ್ ಕಡತಕ್ಕೆ ಟಿಪ್ಪಣಿ ಬರೀತೀನಿ ಅಂದ್ರೆ ಅದಕ್ಕೆ ನನ್ನ ಮೇಷ್ಟ್ರುಗಳಷ್ಟೇ ಈ ಕೂದಲು ಬಿಟ್ಟ ಗುರುಗಳೂ ಕಾರಣ.

ಪಟ್ಟಿಗೆ ನನ್ನ ನಿಯಮ ಎರಡೇ. ಆಲ್ಬಮ್ಮನ್ನ ಮೊದಲಿಂದ ಕೊನೆವರೆಗೂ ಕೇಳಿ ಕೇಳಿ ಸವೆಸಿರಬೇಕು. ಮತ್ತೆ ಅದು ಗಿಟಾರ್ ಬಿಟ್ಟು ಇನ್ನೇನಾದ್ರೂ ನನಗೆ ಕಲಿಸಿರಬೇಕು. ಇದು ಜಗತ್ತಿನ ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಅಲ್ಲ. ನನ್ನ ಪಟ್ಟಿ. ಜಗಳ ಆಡೋರಿಗೆ ಸ್ವಾಗತ.

7. ಐರನ್ ಮೇಡನ್ – ದ ನಂಬರ್ ಆಫ್ ದ ಬೀಸ್ಟ್ (1982)

ಬ್ರೂಸ್ ಡಿಕಿನ್ಸನ್ ಹಾಡುಗಾರನಾಗಿ ಬಂದ ಮೊದಲ ಆಲ್ಬಮ್. ಇದು ಬಂದಾಗ ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪುಗಳು ಇವರು ಸೈತಾನನ ಪೂಜಾರಿಗಳು ಅಂತ ರೆಕಾರ್ಡ್‌ಗಳನ್ನ ಸುಟ್ಟು ಹಾಕಿದ್ವು. ಯಾರನ್ನ ರಾಕ್ಷಸ ಅಂತ ಕರೀತಾರೆ, ಯಾರು ಕರೀತಾರೆ ಅನ್ನೋ ಪ್ರಶ್ನೆ ನಮಗೆ ಹೊಸದಲ್ಲ. ಮೈಸೂರಲ್ಲಿ ಮಹಿಷ ದಸರಾ ಮಾಡೋಕೆ ಹೊರಟಾಗ ಎಷ್ಟು ಗದ್ದಲ ಆಯ್ತು ನೆನಪಿಸಿಕೊಳ್ಳಿ.

ಇದರಲ್ಲಿ "ರನ್ ಟು ದ ಹಿಲ್ಸ್" ಅನ್ನೋ ಹಾಡು ಅಮೆರಿಕದ ಮೂಲನಿವಾಸಿಗಳ ಮೇಲೆ ಬಿಳಿಯರು ಮಾಡಿದ ದಾಳಿಯ ಬಗ್ಗೆ. ಹಾಡು ಮೊದಲು ಹೊಡೆಸಿಕೊಂಡವರ ಬಾಯಲ್ಲಿ, ಆಮೇಲೆ ಹೊಡೆದವರ ಬಾಯಲ್ಲಿ ಬರುತ್ತೆ. ಬರೆದವರು ಇಂಗ್ಲೆಂಡಿನ ಬಿಳಿ ಹುಡುಗರು. ಹೊಡೆಸಿಕೊಂಡವರೇ ಬರೆದಿದ್ರೆ ಹಾಡು ಬೇರೆ ಥರ ಇರ್ತಿತ್ತು. ಅದಕ್ಕೇ ಏಳನೇ ಜಾಗ.

2007ರ ಮಾರ್ಚ್ 17ಕ್ಕೆ ಇವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ರು. ಭಾರತಕ್ಕೆ ಅವರು ಮೊದಲ ಸಲ ಬಂದಿದ್ದು. ನನಗೆ ಕೆಲಸ ಸಿಕ್ಕಿ ವರ್ಷ ಆಗಿತ್ತು ಅಷ್ಟೆ, ತಂಗಿ ಮದುವೆ ಸಾಲ ತಲೆ ಮೇಲೆ. ಟಿಕೆಟ್ ಕೈಗೆಟುಕಲಿಲ್ಲ. ಬಸ್ ಹತ್ತಿ ಬಂದು ಹೊರಗಡೆ ಗೋಡೆ ಪಕ್ಕ ನಿಂತು ಕೇಳಿದೆ. ನನ್ನ ಜೊತೆ ಕಡ್ಲೆಕಾಯಿ ಮಾರೋರು, ಆಟೋದವರು, ಬಂದೋಬಸ್ತಿಗೆ ಬಂದಿದ್ದ ಪೊಲೀಸರು. ಒಳಗಿಂದ ಬಂದಿದ್ದು ಡ್ರಮ್ಮಿನ ಸದ್ದು, ಜನರ ಕೂಗು ಅಷ್ಟೆ. ಗೋಡೆ ಆಚೆ ನಿಂತು ಕೇಳೋದು ನಮ್ಮೋರಿಗೆ ಅಭ್ಯಾಸ. ಚಿಕ್ಕವನಿದ್ದಾಗ ಊರ ದೇವಸ್ಥಾನದ ಭಜನೆಯನ್ನೂ ಹಾಗೇ ಕೇಳಿದ್ದು. ಆದ್ರೆ ಎರಡಕ್ಕೂ ವ್ಯತ್ಯಾಸ ಇದೆ. ಮೈದಾನದ ಗೋಡೆಯನ್ನ ದುಡ್ಡು ಇದ್ರೆ ದಾಟಬಹುದಿತ್ತು.

6. ಪಿಂಕ್ ಫ್ಲಾಯ್ಡ್ – ಅನಿಮಲ್ಸ್ (1977)

ಎಲ್ಲರೂ "ದ ವಾಲ್" ಅಂತಾರೆ. ಅದೂ ದೊಡ್ಡದೇ. ದಕ್ಷಿಣ ಆಫ್ರಿಕಾದಲ್ಲಿ 1980ರಲ್ಲಿ ಶಾಲೆ ಬಹಿಷ್ಕರಿಸಿದ ಮಕ್ಕಳು ಅದರ ಹಾಡನ್ನ ಘೋಷಣೆ ಮಾಡ್ಕೊಂಡ್ರು ಅಂತ ವರ್ಣಭೇದದ ಸರ್ಕಾರ ಅದನ್ನ ನಿಷೇಧಿಸ್ತು. ಆದ್ರೆ ಗುಮಾಸ್ತನಾದ ನನಗೆ ಹತ್ತಿರ ಆಗಿದ್ದು ಅನಿಮಲ್ಸ್.

ಜಾರ್ಜ್ ಆರ್ವೆಲ್‌ನ "ಅನಿಮಲ್ ಫಾರ್ಮ್" ನೆರಳು ಇದರ ಮೇಲಿದೆ. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಆಲ್ಬಮ್‌ನಲ್ಲಿ ಸಮಾಜ ಮೂರು ಥರ: ಕಚ್ಚಾಡೋ ನಾಯಿಗಳು, ಮೇಲೆ ಕೂತ ಹಂದಿಗಳು, ತಲೆ ತಗ್ಗಿಸಿ ಹೋಗೋ ಕುರಿಗಳು. ಕವರ್ ಚಿತ್ರಕ್ಕೆ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಮೇಲೆ ಒಂದು ದೊಡ್ಡ ಗಾಳಿಹಂದಿ ಹಾರಿಸಿದ್ರು. ಅದು ಹಗ್ಗ ಕಿತ್ಕೊಂಡು ವಿಮಾನಗಳ ದಾರಿಗೆ ಅಡ್ಡ ಹೋಗಿ ಕೊನೆಗೆ ಕೆಂಟ್‌ನ ಯಾವುದೋ ಹೊಲದಲ್ಲಿ ಬಿತ್ತು. ಆ ಕತೆ ಓದಿದಾಗೆಲ್ಲ ನಗು ಬರುತ್ತೆ.

ಆದ್ರೆ ಇದನ್ನ ಕೇಳ್ತಾ ಕೇಳ್ತಾ ಒಂದು ಅನ್ನಿಸ್ತು. ಇವರ ಲೆಕ್ಕದಲ್ಲಿ ಮೂರೇ ಮೆಟ್ಟಿಲು. ನಮ್ಮಲ್ಲಿ ಪ್ರತಿ ಮೆಟ್ಟಿಲ ಕೆಳಗೂ ಇನ್ನೊಂದು ಮೆಟ್ಟಿಲು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದಿದ್ದು ಇದನ್ನೇ. ನಮ್ಮ ಸೆಕ್ಷನ್‌ನಲ್ಲಿ ಒಬ್ಬರು ಇದ್ರು, ಹಿಂದುಳಿದ ಜಾತಿಯವರು. ಮೇಲಿನವರು ಅವರನ್ನ ತುಳಿಯೋದನ್ನ ಹೇಳಿಕೊಂಡು ನನ್ನ ಮುಂದೆ ಕಣ್ಣೀರು ಹಾಕ್ತಿದ್ರು. ಅದೇ ಮನುಷ್ಯ ಕಸ ಗುಡಿಸೋಕೆ ಬರೋ ಅಕ್ಕನಿಗೆ ಟೀ ಕೊಡೋಕೆ ಬೇರೆ ಲೋಟ ಇಟ್ಟಿದ್ರು. ಅದನ್ನ ನೋಡಿಯೂ ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ಹೊರಗೆ ಮೈಕ್ ಹಿಡಿದು ಕೂಗೋ ನಾನೇ. ಕುರಿ ಅಂದ್ರೆ ಬೇರೆ ಯಾರೋ ಅಂದ್ಕೊಂಡಿದ್ದೆ. ಆಮೇಲೆ ಮಾತಾಡಿದೆ, ಲೋಟ ಹೋಯ್ತು. ಆ ಎರಡು ತಿಂಗಳು ಮಾತ್ರ ನನ್ನ ಲೆಕ್ಕದಲ್ಲಿ ಉಳೀತು.

5. ಸೆಪುಲ್ಟುರಾ – ರೂಟ್ಸ್ (1996)

ಬ್ರೆಜಿಲ್‌ನವರು. ಮೆಟಲ್ ಅಂದ್ರೆ ಇಂಗ್ಲೆಂಡ್, ಅಮೆರಿಕ ಅಂದ್ಕೊಂಡಿದ್ದ ನನಗೆ ಬಡ ದೇಶದಿಂದಲೂ ಇಂಥ ಸದ್ದು ಬರುತ್ತೆ ಅಂತ ತೋರಿಸಿದವರು. ಇದಕ್ಕೂ ಮುಂಚಿನ "ಕೇಯಾಸ್ ಎ.ಡಿ." (1993) ಆಲ್ಬಮ್‌ನಲ್ಲಿ, ಭೂಮಿ ಕಳ್ಕೊಂಡು ಪ್ರಾಣ ಬಿಟ್ಟ ಕಯೋವಾ ಆದಿವಾಸಿಗಳ ಹೆಸರಲ್ಲಿ ಒಂದು ಹಾಡಿದೆ. ಕರಾಂಡಿರು ಜೈಲಿನಲ್ಲಿ 1992ರಲ್ಲಿ 111 ಕೈದಿಗಳು ಸತ್ತ ಹತ್ಯಾಕಾಂಡದ ಮೇಲೂ ಒಂದು ಇದೆ.

ರೂಟ್ಸ್‌ಗೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಶವಾಂಟೆ ಆದಿವಾಸಿಗಳ ಊರಿಗೇ ಹೋಗಿ, ಅವರ ಜೊತೆ ಕೂತು ಹಾಡು ರೆಕಾರ್ಡ್ ಮಾಡಿದ್ರು. ಬಾಹಿಯಾದ ಕಪ್ಪು ಕಲಾವಿದ ಕಾರ್ಲಿನ್ಯೋಸ್ ಬ್ರೌನ್‌ನನ್ನ ತಾಳವಾದ್ಯಕ್ಕೆ ಕರೆದ್ರು. ಗಿಟಾರ್ ಗದ್ದಲದ ನಡುವೆ ಆ ನೆಲದ ಡೋಲುಗಳು ಬಂದಾಗ ಮೈ ಜುಮ್ ಅನ್ನುತ್ತೆ.

ಇಲ್ಲಿ ಒಂದು ತಕರಾರೂ ಇದೆ. ಆದಿವಾಸಿ ಹಾಡು, ಹೆಸರು ಮಾತ್ರ ಬ್ಯಾಂಡಿಂದು. ನಮ್ಮಲ್ಲೂ ಅಷ್ಟೆ. ತಮಟೆ ಸದ್ದು ಇಲ್ಲದ ಕನ್ನಡ ಮಾಸ್ ಸಿನಿಮಾ ಹಾಡು ಹುಡುಕಿ ನೋಡೋಣ. ಹೀರೋ ಎಂಟ್ರಿಗೆ ತಮಟೆ ಬೇಕು, ಬಾರಿಸೋನ ಹೆಸರು ಬೇಡ. ಸೆಪುಲ್ಟುರಾದವರು ಆ ಊರಿಗೆ ಹೋಗಿ ಕೂತಾದ್ರೂ ಕೂತ್ರು, ಆ ಜನಾಂಗದ ಹೆಸರು ಹೇಳಿದ್ರು. ಅಷ್ಟು ಮರ್ಯಾದೆ ನಮ್ಮವರಿಗೆ ಸಿಕ್ಕಿದ್ದು ಅಪರೂಪ.

4. ಮೆಟಾಲಿಕಾ – ಅಂಡ್ ಜಸ್ಟಿಸ್ ಫಾರ್ ಆಲ್ (1988)

"ಮಾಸ್ಟರ್ ಆಫ್ ಪಪೆಟ್ಸ್" ಇದಕ್ಕಿಂತ ಮೇಲು ಅಂತ ಬಹಳ ಜನ ಹೇಳ್ತಾರೆ. ಸಂಗೀತದ ಲೆಕ್ಕದಲ್ಲಿ ನಿಜ ಇರಬಹುದು. ಆದ್ರೆ ಇದರ ಕವರ್ ನೋಡಿ. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ, ಮೈಗೆಲ್ಲ ಹಗ್ಗ, ತಕ್ಕಡಿ ತುಂಬ ನೋಟು.

ಈ ಕ್ಯಾಸೆಟ್ ನನ್ನ ಕೈಗೆ ಬಂದಿದ್ದು 2000ದಲ್ಲಿ. ಆ ವರ್ಷ ಮಾರ್ಚ್ 11ಕ್ಕೆ ಆಗಿನ ನಮ್ಮ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಹಾಸ್ಟೆಲ್ ಹುಡುಗರೆಲ್ಲ ಊಟ ಬಿಟ್ಟು ಬೀದಿಗೆ ಬಂದ್ವಿ. ನನ್ನ ಮೊದಲ ಮೆರವಣಿಗೆ ಅದು. ನ್ಯಾಯ ಸಿಕ್ಕೇ ಸಿಗುತ್ತೆ ಅಂತ ನಂಬಿದ್ವಿ, ಅಷ್ಟು ದೊಡ್ಡ ಘಟನೆ, ಇಡೀ ದೇಶ ನೋಡ್ತಿದೆ ಅಂತ. ಸಾಕ್ಷಿಗಳು ತಿರುಗಿಬಿದ್ರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡೀತು. ಹಾಗಾದ್ರೆ ಆ ಏಳು ಜನರನ್ನ ಸುಟ್ಟಿದ್ದು ಯಾರು?

ಈ ಆಲ್ಬಮ್‌ನಲ್ಲಿ "ಒನ್" ಅನ್ನೋ ಹಾಡಿದೆ. ಡಾಲ್ಟನ್ ಟ್ರಂಬೋ 1939ರಲ್ಲಿ ಬರೆದ ಕಾದಂಬರಿಯಿಂದ ಹುಟ್ಟಿದ್ದು. ಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲ ಕಳ್ಕೊಂಡ ಸೈನಿಕ, ಒಳಗೆ ಮಾತ್ರ ಪೂರ್ತಿ ಎಚ್ಚರ. ಎಲ್ಲ ಗೊತ್ತು, ಹೇಳೋಕಾಗಲ್ಲ. ತಿರುಗಿಬಿದ್ದ ಸಾಕ್ಷಿಗಳನ್ನ ನಾವು ಬೈದ್ವಿ. ಅದೇ ಊರಲ್ಲಿ, ಅದೇ ಜನರ ಹೊಲದಲ್ಲಿ ಕೂಲಿಗೆ ಹೋಗಬೇಕಾದೋರು ಏನು ಮಾಡಬೇಕಿತ್ತು? ಆ ಹಾಡು ಕೇಳಿದ ಮೇಲೆ ನಾನು ಬೈಯೋದು ನಿಲ್ಲಿಸಿದೆ.

ಇನ್ನೊಂದು. 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತ ಆಗಿ ಇವರ ಬೇಸ್ ವಾದಕ ಕ್ಲಿಫ್ ಬರ್ಟನ್ ಸತ್ತ. ಅವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಈ ಆಲ್ಬಮ್‌ಗೆ ಬೇಸ್ ನುಡಿಸಿದಾನೆ. ಆದ್ರೆ ಕಿವಿ ಕೊಟ್ಟು ಕೇಳಿದ್ರೂ ಕೇಳ್ಸಲ್ಲ, ಮಿಕ್ಸಿಂಗ್‌ನಲ್ಲಿ ಅಷ್ಟು ಕಮ್ಮಿ ಮಾಡಿಬಿಟ್ಟಿದಾರೆ. ಕಚೇರಿಯ ಮೀಟಿಂಗ್‌ಗಳಲ್ಲಿ ನಮ್ಮೋರು ಹೀಗೇ. ಹಾಜರಿ ಪುಸ್ತಕದಲ್ಲಿ ಸಹಿ ಇರುತ್ತೆ, ನಡಾವಳಿಯಲ್ಲಿ ಮಾತಿರಲ್ಲ.

3. ಲಿವಿಂಗ್ ಕಲರ್ – ವಿವಿಡ್ (1988)

ನಾಲ್ವರು ಕಪ್ಪು ಅಮೆರಿಕನ್ನರ ಬ್ಯಾಂಡ್. ಇವರು ಬಂದಾಗ ಜನ ಆಶ್ಚರ್ಯಪಟ್ಟಿದ್ದೇ ನನಗೆ ಆಶ್ಚರ್ಯ. ಕಪ್ಪು ಜನ ರಾಕ್ ನುಡಿಸ್ತಾರಾ ಅಂತ! ರಾಕ್ ಅನ್ನೋದನ್ನ ಹುಟ್ಟಿಸಿದ್ದೇ ಅವರು. ಹತ್ತಿ ಹೊಲಗಳ ಬ್ಲೂಸ್, ಚರ್ಚುಗಳ ಗಾಸ್ಪೆಲ್, ಚಕ್ ಬೆರಿಯ ಗಿಟಾರ್. ರೋಲಿಂಗ್ ಸ್ಟೋನ್ಸ್ ತಮ್ಮ ಹೆಸರನ್ನೇ ಮಡ್ಡಿ ವಾಟರ್ಸ್‌ನ ಹಾಡಿಂದ ತಗೊಂಡ್ರು. ಆದ್ರೆ ಎಂಬತ್ತರ ದಶಕದ ಹೊತ್ತಿಗೆ ರಾಕ್ ಬಿಳಿಯರ ಆಸ್ತಿ ಆಗಿತ್ತು, ಕಪ್ಪು ಹುಡುಗ ಗಿಟಾರ್ ಹಿಡಿದ್ರೆ ಕಂಪನಿಗಳಿಗೆ ಎಲ್ಲಿಡಬೇಕು ಗೊತ್ತಾಗ್ತಿರಲಿಲ್ಲ. ಅದಕ್ಕೇ ಇವರ ಗಿಟಾರ್ ವಾದಕ ವರ್ನನ್ ರೀಡ್ ಇನ್ನೂ ಕೆಲವರ ಜೊತೆ ಸೇರಿ 1985ರಲ್ಲಿ ಬ್ಲ್ಯಾಕ್ ರಾಕ್ ಕೋಆಲಿಷನ್ ಅಂತ ಸಂಘಟನೆ ಕಟ್ಟಿದ. ಮೊದಲು ಸಂಘಟನೆ, ಆಮೇಲೆ ಆಲ್ಬಮ್. ನಮ್ಮ ದಾರಿನೇ.

"ಕಲ್ಟ್ ಆಫ್ ಪರ್ಸನಾಲಿಟಿ" ಶುರುವಾಗೋದು ಮಾಲ್ಕಂ ಎಕ್ಸ್ ದನಿಯಿಂದ. ಹಾಡಲ್ಲಿ ಮುಸೊಲಿನಿ, ಕೆನಡಿ, ಸ್ಟಾಲಿನ್, ಗಾಂಧಿ ಎಲ್ಲರ ಹೆಸರೂ ಬರುತ್ತೆ. ಒಳ್ಳೆಯವನಾಗಲಿ ಕೆಟ್ಟವನಾಗಲಿ, ಒಬ್ಬ ಮನುಷ್ಯನನ್ನ ಪೂಜೆ ಮಾಡೋಕೆ ಶುರು ಮಾಡಿದ್ರೆ ಆಗೋದೇನು ಅನ್ನೋದೇ ಹಾಡು. 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹೇಳಿದ್ದೂ ಅದೇ: ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿ ಇರಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಅಂತ. ಈಗ ನಮ್ಮೋರಿಗೇ ಕೇಳ್ತೀನಿ, ಬೈಬೇಡಿ. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗಿಂತ ದೊಡ್ಡದಾಗಿ ಸ್ಥಳೀಯ ಮುಖಂಡನ ಫೋಟೋ ಇರೋ ಫ್ಲೆಕ್ಸ್ ಹಾಕ್ತೀವಲ್ಲ, ಅದಕ್ಕೆ ಏನನ್ನೋಣ?

2. ರೇಜ್ ಅಗೇನ್ಸ್ಟ್ ದ ಮಷೀನ್ – ಅದೇ ಹೆಸರಿನ ಮೊದಲ ಆಲ್ಬಮ್ (1992)

ಇದರ ಕವರ್ ಮೊದಲ ಸಲ ನೋಡಿದಾಗ ಹಾಡು ಹಾಕೋದೇ ಮರೆತು ಕೂತಿದ್ದೆ. ಉರಿಯೋ ಬೆಂಕಿಯ ನಡುವೆ ಪದ್ಮಾಸನದಲ್ಲಿ ಅಲುಗಾಡದೆ ಕೂತ ಒಬ್ಬ ಬೌದ್ಧ ಭಿಕ್ಕು. ಥಿಕ್ ಕ್ವಾಂಗ್ ಡುಕ್. 1963ರ ಜೂನ್ 11, ವಿಯೆಟ್ನಾಂನ ಸೈಗಾನ್. ಫೋಟೋ ತೆಗೆದವರು ಮಾಲ್ಕಂ ಬ್ರೌನ್. ಅದಕ್ಕೂ ಒಂದು ತಿಂಗಳ ಹಿಂದೆ ಹ್ಯೂ ಪಟ್ಟಣದಲ್ಲಿ, ಬುದ್ಧ ಪೂರ್ಣಿಮೆಗೆ ಬೌದ್ಧ ಧ್ವಜ ಹಾರಿಸಬಾರದು ಅಂದಿದ್ದಕ್ಕೆ ಪ್ರತಿಭಟಿಸಿದ ಜನ ಪ್ರಾಣ ಕಳ್ಕೊಂಡಿದ್ರು. ಅದರ ವಿರುದ್ಧ ಭಿಕ್ಕು ತನ್ನನ್ನೇ ಸುಟ್ಟುಕೊಂಡ್ರು. 1956ರ ಅಕ್ಟೋಬರ್ 14ರ ನಾಗಪುರವನ್ನ ಎದೆಯಲ್ಲಿಟ್ಕೊಂಡ ನಮಗೆ ಆ ಚಿತ್ರ ಬೇರೆ ಥರನೇ ಕಾಣುತ್ತೆ. ಆ ದಾರಿ ನಮ್ಮದಲ್ಲ, ನಮ್ಮ ಹುಡುಗರ ಒಂದು ಜೀವವೂ ಹೋಗಬಾರದು. ಆದ್ರೆ ಆ ಮೌನ ನನ್ನನ್ನ ಬಿಟ್ಟಿಲ್ಲ.

ಗಿಟಾರ್ ವಾದಕ ಟಾಮ್ ಮೊರೆಲ್ಲೋ ಕೀನ್ಯಾದ ಅಪ್ಪ, ಬಿಳಿ ಅಮೆರಿಕನ್ ಅಮ್ಮನ ಮಗ. ಹಾರ್ವರ್ಡ್‌ನಲ್ಲಿ ಓದಿದವನು. ಗಿಟಾರಿಂದ ಸೈರನ್, ಹೆಲಿಕಾಪ್ಟರ್, ಡಿಜೆ ಸದ್ದು ಎಲ್ಲ ತೆಗೀತಾನೆ. ಜನ ನಂಬಲ್ಲ ಅಂತ ಕವರ್ ಒಳಗಿನ ಟಿಪ್ಪಣಿಯಲ್ಲೇ ಇದರಲ್ಲಿ ಕೀಬೋರ್ಡ್, ಸಿಂಥಸೈಜರ್ ಏನೂ ಬಳಸಿಲ್ಲ ಅಂತ ಬರೆದಿದ್ರು. ಹಾಡುಗಾರ ಝಾಕ್ ಡಿ ಲಾ ರೋಚಾ ಮೆಕ್ಸಿಕನ್ ಮೂಲದ ಕಲಾವಿದನ ಮಗ. ರಾಡ್ನಿ ಕಿಂಗ್‌ನನ್ನ ಹೊಡೆದ ಪೊಲೀಸರನ್ನ ಕೋರ್ಟು ಬಿಟ್ಟು, ಲಾಸ್ ಏಂಜಲೀಸ್ ಹೊತ್ತಿ ಉರಿದ ವರ್ಷವೇ ಈ ಆಲ್ಬಮ್ ಬಂತು.

ಒಂದನೇ ಜಾಗ ಯಾಕಿಲ್ಲ ಅಂದ್ರೆ, ಈ ಯಂತ್ರದ ವಿರುದ್ಧದ ಹಾಡನ್ನ ಮಾರಿದ್ದೂ ಯಂತ್ರವೇ. ಕಂಪನಿ ಸೋನಿಯದು. 2009ರಲ್ಲಿ ಬ್ರಿಟನ್‌ನಲ್ಲಿ ಜನ ಟಿವಿ ಸ್ಪರ್ಧೆಯ ಹಾಡನ್ನ ಸೋಲಿಸಬೇಕು ಅಂತ ಫೇಸ್‌ಬುಕ್‌ನಲ್ಲಿ ಚಳವಳಿ ಮಾಡಿ ಇವರ ಹಳೇ ಹಾಡನ್ನ ಕ್ರಿಸ್‌ಮಸ್ ನಂಬರ್ ಒನ್ ಮಾಡಿದ್ರು. ಗೆದ್ದ ಹಾಡೂ ಸೋತ ಹಾಡೂ ಎರಡೂ ಸೋನಿಯ ಕೈಕೆಳಗಿನವೇ! ಇದನ್ನ ಓದಿ ನಗೋ ನಾವು ಈ ಪೋಸ್ಟನ್ನ ಓದ್ತಿರೋದೂ ಯಾರೋ ಸಾಹುಕಾರನ ಗೋಡೆ ಮೇಲೇ ಅನ್ನೋದು ನೆನಪಿರಲಿ. ಹಾಗಂತ ಬರೆಯೋದು ಬಿಡೋಕಾಗುತ್ತಾ? ಇರೋ ಗೋಡೆ ಮೇಲೆ ಬರೀಬೇಕು.

1. ಬ್ಲ್ಯಾಕ್ ಸಬ್ಬತ್ – ಮಾಸ್ಟರ್ ಆಫ್ ರಿಯಾಲಿಟಿ (1971)

ಅಣ್ಣನಿಗೆ ಮುಖ್ಯವಾಗಿ ಹೇಳಬೇಕಾಗಿರೋದು ಇದು.

ಅಣ್ಣಾ, ಇವರು ಕಾನ್ವೆಂಟ್ ಹುಡುಗರಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್, ಕಾರ್ಖಾನೆ ಕೂಲಿಗಳ ಕೇರಿ. ಕಾಡಿಗೆ ಹಚ್ಕೊಂಡ ಆ ಮುದುಕ ಓಜಿ ಹುಡುಗನಾಗಿದ್ದಾಗ ಕಸಾಯಿಖಾನೆಯಲ್ಲಿ ಕೆಲಸ ಮಾಡಿದವನು. ಕಳ್ಳತನ ಮಾಡಿ ದಂಡ ಕಟ್ಟೋಕಾಗದೆ ಜೈಲಿಗೂ ಹೋಗಿ ಬಂದವನು. ಬೇಸ್ ನುಡಿಸುತ್ತಾ ಹೆಚ್ಚಿನ ಹಾಡು ಬರೆದ ಗೀಜರ್ ಬಟ್ಲರ್ ಲೆಕ್ಕಪತ್ರದ ಕಚೇರಿಯಲ್ಲಿದ್ದವನು, ನನ್ನ ಥರ.

ಗಿಟಾರ್ ವಾದಕ ಟೋನಿ ಅಯೋಮಿಗೆ 17 ವರ್ಷ. ತಗಡು ಕಾರ್ಖಾನೆಯಲ್ಲಿ ಕೆಲಸ. ಬ್ಯಾಂಡ್ ಸೇರ್ತೀನಿ ಅಂತ ಕೆಲಸ ಬಿಟ್ಟಿದ್ದ, ಅವತ್ತು ಕೊನೇ ದಿನ. ಆ ದಿನವೇ ಮಷೀನಿಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯ್ತು. ಅವನು ಎಡಚ, ಅಂದ್ರೆ ತಂತಿ ಒತ್ತೋ ಕೈಯೇ ಬಲಗೈ. ಇನ್ನು ಗಿಟಾರ್ ಮರೆತುಬಿಡು ಅಂದ್ರು. ಆಗ ಅವನ ಮೇಲಿನ ಫೋರ್‌ಮನ್ ಒಂದು ರೆಕಾರ್ಡ್ ತಂದು ಕೇಳಿಸಿದ. ಜಾಂಗೋ ರೈನ್‌ಹಾರ್ಟ್. ಬೆಂಕಿಯಲ್ಲಿ ಎಡಗೈ ಸುಟ್ಟು, ಎರಡೇ ಬೆರಳಲ್ಲಿ ಗಿಟಾರ್ ನುಡಿಸಿ ಗೆದ್ದವನು. ಆ ಜಾಂಗೋ ಯಾರು? ರೋಮಾ ಜನಾಂಗದವನು. ಸಾವಿರ ವರ್ಷದ ಹಿಂದೆ ನಮ್ಮ ನೆಲದಿಂದ ಹೊರಟು ಹೋದ, ಯುರೋಪ್ ಪೂರ್ತಿ ಊರ ಹೊರಗೇ ಇಟ್ಟ ಜನ. ಹಿಟ್ಲರ್ ಯಹೂದ್ಯರ ಜೊತೆ ಅವರನ್ನೂ ಕೊಂದ.

ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ, ಅದಕ್ಕೆ ಚರ್ಮ ಅಂಟಿಸಿದ. ಹೌದು, ಚರ್ಮ. ಬಿಗಿಯಾದ ತಂತಿ ಒತ್ತಿದ್ರೆ ನೋವಾಗ್ತಿತ್ತು. ಅದಕ್ಕೆ ತೆಳು ತಂತಿ ಹಾಕಿದ. ಈ ಆಲ್ಬಮ್ ಹೊತ್ತಿಗೆ ತಂತಿಯನ್ನ ಇನ್ನೂ ಸಡಿಲ ಮಾಡಿ, ಶ್ರುತಿಯನ್ನ ಮೂರು ಅರ್ಧಸ್ವರ ಕೆಳಗಿಳಿಸಿದ. ಆಗ ಬಂತು ಆ ಭಾರದ, ನೆಲ ನಡುಗಿಸೋ ಸದ್ದು. ಇವತ್ತು ಜಗತ್ತಿನ ಸಾವಿರಾರು ಮೆಟಲ್ ಬ್ಯಾಂಡ್‌ಗಳು ತಂತಿ ಸಡಿಲಿಸೋದು ಇವನನ್ನ ನೋಡಿ. ಶೋಕಿಗೆ ಅಲ್ಲ ಅದು ಹುಟ್ಟಿದ್ದು. ಒಬ್ಬ ಕೂಲಿ ಹುಡುಗನ ಕತ್ತರಿಸಿದ ಬೆರಳಿನ ನೋವಿಗೆ.

ಇದು ಗೊತ್ತಾದ ಮೇಲೆ ಹಾಸ್ಟೆಲ್‌ನಲ್ಲಿ ಆ ಸದ್ದು ಹೊಸದು ಅನ್ನಿಸದೇ ಇದ್ದಿದ್ದು ಯಾಕೆ ಅಂತಲೂ ಗೊತ್ತಾಯ್ತು. ನಮ್ಮಪ್ಪ ತಮಟೆ ಬಾರಿಸೋರು. ಹುಲ್ಲು ಹಾಕಿ ಬೆಂಕಿ ಮಾಡಿ ತಮಟೆ ಕಾಯಿಸೋರು. ಅಯೋಮಿ ಸಡಿಲ ಮಾಡಿದ್ರೆ ನಮ್ಮಪ್ಪ ಬಿಗಿ ಮಾಡೋರು. ಸಾವಿಗೊಂದು ಏಟು, ಜಾತ್ರೆಗೊಂದು ಏಟು. ಅವರ ಎಡಗೈ ಬೆರಳಿನ ಗಂಟುಗಳು ಕಲ್ಲಿನ ಥರ ಇದ್ವು. ಒಂದು ಸಲ ರಜೆಗೆ ಹೋದಾಗ ವಾಕ್‌ಮನ್‌ನ ಅವರ ಕಿವಿಗಿಟ್ಟೆ, ಇದೇ ಆಲ್ಬಮ್. ಸ್ವಲ್ಪ ಹೊತ್ತು ಕೇಳಿ, "ಯಾರ ಮನೇಲಪ್ಪ ಸಾವು?" ಅಂದ್ರು. ಆಮೇಲೆ "ಪರವಾಗಿಲ್ಲ, ಏಟು ತಪ್ಪಿಲ್ಲ" ಅಂದ್ರು. ಅದಕ್ಕಿಂತ ದೊಡ್ಡ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಪಟ್ಟಿ ಮುಗೀತು. ಈಗ ತಪ್ಪೊಪ್ಪಿಗೆ ಎರಡು.

ಒಂದು, ಮಗಳು ಈ ಪಟ್ಟಿ ನೋಡಿ, "ಅಪ್ಪಾ, ಏಳರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ವಲ್ಲ?" ಅಂದ್ಲು. ಉತ್ತರ ಇರಲಿಲ್ಲ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಅನ್ನೋ ಕಪ್ಪು ಹೆಣ್ಣುಮಗಳು ಎಲ್ವಿಸ್ ಬರೋಕೆ ಮುಂಚೆನೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಚರ್ಚಿನ ಹಾಡನ್ನ ರಾಕ್ ಮಾಡಿದ್ಲು. 1973ರಲ್ಲಿ ತೀರಿಕೊಂಡ ಅವಳ ಸಮಾಧಿಗೆ ಎಷ್ಟೋ ವರ್ಷ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಮಹನೀಯರ ಸಾಲಿಗೆ ಅವಳನ್ನ ಸೇರಿಸಿದ್ದು 2018ರಲ್ಲಿ. ಹಾಗೇ ಲೆಡ್ ಜೆಪ್ಪೆಲಿನ್‌ನ ಬೇಕಂತಲೇ ಬಿಟ್ಟೆ. ಅವರ ದೊಡ್ಡ ಹಾಡೊಂದರ ಮೇಲೆ ವಿಲ್ಲಿ ಡಿಕ್ಸನ್ ಅನ್ನೋ ಕಪ್ಪು ಬ್ಲೂಸ್ ಕವಿ 1985ರಲ್ಲಿ ಕೇಸು ಹಾಕಬೇಕಾಯ್ತು, ಆಮೇಲೆ ರಾಜಿ ಆಗಿ ಅವನ ಹೆಸರು ಸೇರಿಸಿದ್ರು. ಹಾಡು ಬಂದಿದ್ದು 1969ರಲ್ಲಿ. ಹೆಸರಿಗೆ ಅಷ್ಟು ವರ್ಷ.

ಎರಡನೇದು ನನ್ನದೇ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಕೇರಿಯ ಹುಡುಗರು ಸೇರಿ, ಇನ್ಮೇಲೆ ಊರಿನವರ ಸಾವಿಗೆ ತಮಟೆ ಬಾರಿಸಲ್ಲ ಅಂತ ತೀರ್ಮಾನ ಮಾಡಿದ್ರು. ಸರಿಯಾದ ತೀರ್ಮಾನ. ಕರೆದಾಗ ಹೋಗಬೇಕು, ದೂರ ನಿಂತು ಬಾರಿಸಬೇಕು, ಎಸೆದ ದುಡ್ಡು ಆಯ್ಕೋಬೇಕು. ಅದು ಕಲೆ ಅಲ್ಲ, ಬಿಟ್ಟಿ ಚಾಕರಿ. ಇವತ್ತೂ ನಾನು ಆ ತೀರ್ಮಾನದ ಪರ. ಅಪ್ಪನೂ ಒಪ್ಪಿದ್ರು, ತಮಟೆ ಅಟ್ಟಕ್ಕೆ ಹೋಯ್ತು. ಆಮೇಲೆ ದಸಂಸ ಕಾರ್ಯಕ್ರಮಗಳಿಗೆ ಕರೆದಾಗ ಮಾತ್ರ ಇಳಿಸೋರು. ಅಲ್ಲಿ ಬಾರಿಸುವಾಗ ಅವರ ಮುಖವೇ ಬೇರೆ ಇರ್ತಿತ್ತು.

ಒಂದು ಸಲ "ಕಲ್ಕೋತೀಯೇನೋ?" ಅಂತ ಕೇಳಿದ್ರು. ನಾನು ಡಿಗ್ರಿ ಓದೋ ಹುಡುಗ. ನಾಚಿಕೆ. ಪರೀಕ್ಷೆ ಇದೆ ಅಂದೆ. ಅವರು ಇನ್ನೊಂದು ಸಲ ಕೇಳಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಟೋನಿ ಅಯೋಮಿಗೆ ದಾರಿ ತೋರಿಸಿದವನು ಯಾರು ಅಂತ ನನಗೆ ಗೊತ್ತು. ನಮ್ಮಪ್ಪನಿಗೆ ತಮಟೆ ಕಲಿಸಿದವರು ಯಾರು ಅಂತ ಗೊತ್ತಿಲ್ಲ. ಕೇಳೋಣ ಅಂದ್ರೆ ಅಪ್ಪ ಈಗಿಲ್ಲ.

ಆದ್ದರಿಂದ ಅಣ್ಣಾ, ನನ್ನ ಉತ್ತರ ಇದು. ನಾನು ಯಾವ ಕಡೆಗೂ ಹೋಗಿಲ್ಲ. ಹೋರಾಟದ ಹಾಡು ಮಾತ್ರ ಕೇಳಬೇಕು ಅಂದ್ರೆ ಅದೂ ಒಂದು ಕೇರಿಯೇ. ಜಗತ್ತಿನ ಎಲ್ಲ ಸಂಗೀತವೂ ನಮ್ಮದು, ಅದರಲ್ಲೂ ಕೂಲಿ ಕೈಗಳಿಂದ ಬಂದಿದ್ದಂತೂ ಮೊದಲು ನಮ್ಮದು. ಚೆನ್ನೈನಲ್ಲಿ 2018ರ ಜನವರಿಯಲ್ಲಿ ಕಾಸ್ಟ್‌ಲೆಸ್ ಕಲೆಕ್ಟಿವ್‌ನವರು ಪರೈ, ಗಾನಾ, ರಾಪ್, ಎಲೆಕ್ಟ್ರಿಕ್ ಗಿಟಾರ್ ಎಲ್ಲ ಒಂದೇ ವೇದಿಕೆಗೆ ತಂದ್ರು. ಅಲ್ಲಿ ಯಾರೂ "ಗಿಟಾರ್ ನಮ್ದಲ್ಲ" ಅನ್ನಲಿಲ್ಲ. ನಮ್ಮ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಬಹಳ ಸಂತೋಷ. ಆದ್ರೆ ಒಬ್ಬರಿಗೆ ಪ್ರಶಸ್ತಿ ಬಂದ್ರೆ ಸಾಲದು, ಪ್ರತಿ ಕೇರಿಯಲ್ಲೂ ಹೆಸರಿಲ್ಲದ ಒಬ್ಬರಿದಾರೆ.

"ನಮ್ದು ತಮಟೆ" ಅನ್ನೋರು ದಯವಿಟ್ಟು ಒಂದು ಕೆಲಸ ಮಾಡಿ. ನಿಮ್ಮ ಇಷ್ಟದ ಆಲ್ಬಮ್ಮೋ, ಸಿನಿಮಾ ಹಾಡೋ, ಜನಪದವೋ, ಒಂದನ್ನ ಕಾಮೆಂಟ್‌ನಲ್ಲಿ ಹಾಕಿ. ಜೊತೆಗೆ ನಿಮ್ಮ ಕೇರಿಯಲ್ಲಿ ತಮಟೆ ಬಾರಿಸೋ, ಬಾರಿಸ್ತಿದ್ದ ಹಿರಿಯರೊಬ್ಬರ ಹೆಸರು, ಊರು, ಅವರಿಗೆ ಕಲಿಸಿದವರು ಯಾರು ಅಂತ ಬರೀರಿ. ಬದುಕಿದ್ರೆ ಈ ಭಾನುವಾರವೇ ಹೋಗಿ ಕೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನಾನು ಎಲ್ಲವನ್ನೂ ಒಂದು ಕಡೆ ಬರೆದಿಡ್ತೀನಿ. ಗುಮಾಸ್ತನ ಕೆಲಸ ಅದೇ ತಾನೆ, ಹೆಸರು ಬಿಟ್ಟುಹೋಗದ ಹಾಗೆ ನೋಡ್ಕೊಳ್ಳೋದು.

ಮೊದಲ ಕಾಮೆಂಟ್ ನನ್ನದೇ. ಅಪ್ಪನ ಹೆಸರು ಹಾಕಿದೀನಿ. "ಕಲಿಸಿದವರು" ಅನ್ನೋ ಜಾಗ ಖಾಲಿ ಇದೆ. ಊರಿನ ಕಡೆಯ ಹಿರಿಯರು ಯಾರಿಗಾದ್ರೂ ಗೊತ್ತಿದ್ರೆ ತುಂಬಿಸಿ.

ಜೈಭೀಮ್.